ಗುಹೆಯಲ್ಲಿ ಸಿಕ್ಕ ಇಲಿ ಹಲ್ಲಿಗೆ ವಯಸ್ಸು ಹೇಳೋದು ಹೇಗೆ? ಬಿಲ್ಲಸುರ್ಗಂ ಗುಹೆಗಳ ಮಾಹಿತಿ ಇಲ್ಲಿದೆ

ಯಲಹಂಕ: ದಿನಸಿ ಅಂಗಡಿಯವರಿಗೆ ಹೆಗ್ಗಣದ ಪರಿಚಯ ಮಾಡಿಕೊಡಬೇಕಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಅಕ್ಕಿ ಮೂಟೆ ತೂತು ಮಾಡುವ ಈ ಪ್ರಾಣಿಯ ಹಳೇ ಮೂಳೆಗಳು ಕರ್ನೂಲು ಸೀಮೆಯ ಗುಹೆಗಳಲ್ಲಿ ಸಿಕ್ಕಿವೆ. ಅದೂ ಘೇಂಡಾಮೃಗದ ಮೂಳೆ ಸಿಕ್ಕ ಜಾಗದಲ್ಲೇ.

ಹೆಬ್ಬಾಳದಿಂದ ದೇವನಹಳ್ಳಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಅನಂತಪುರ ದಾಟಿ ಕರ್ನೂಲಿಗೆ ಹೋಗುತ್ತೆ. ಆ ಭಾಗದ ಬೇತಂಚರ್ಲ ಹತ್ತಿರ ಇರೋದೇ ಬಿಲ್ಲಸುರ್ಗಂ ಗುಹೆಗಳು. ನೆಲಕ್ಕೆ ಹಾಸುವ ಬೇತಂಚರ್ಲ ಕಲ್ಲು ಅಲ್ಲಿಂದಲೇ ಬರೋದು. ಅದು ಸುಣ್ಣದಕಲ್ಲು. ಮಳೆನೀರಿಗೆ ನಿಧಾನವಾಗಿ ಕರಗಿ ಗುಹೆಯಾಗುತ್ತೆ, ಒಳಗೆ ಬಿದ್ದ ಮೂಳೆಯನ್ನೂ ಕಾಪಾಡುತ್ತೆ. ನಮ್ಮ ಕಡೆಯದು ಲಾಲ್‌ಬಾಗ್ ಬಂಡೆಯ ಜಾತಿಯ ಕಲ್ಲು, ಸುಮಾರು 300 ಕೋಟಿ ವರ್ಷ ಹಳೆಯದು. ಅದು ಹಾಗೆ ಕರಗಲ್ಲ. ಕೆಂಪು ಮಣ್ಣಲ್ಲಿ ಮೂಳೆಯೂ ಬಾಳಲ್ಲ.

ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿ ಈ ಗುಹೆಗಳ ಬಗ್ಗೆ ಬರೆದಿದ್ದರು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಮಗ ಹೆನ್ರಿ ಅಗೆಸಿದರು. ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥರಾದವರು ಇದೇ ಫೂಟ್. ಮೂಳೆಗಳನ್ನು ಗುರುತಿಸಿ 1886ರಲ್ಲಿ ಪ್ರಕಟಿಸಿದ್ದು ಲಿಡೆಕ್ಕರ್. ಹೆಗ್ಗಣ, ಸೊಂಡಿಲಿ, ಬಾವಲಿ, ಮೊಲ, ಮುಳ್ಳುಹಂದಿ ಎಲ್ಲ ಆ ಪಟ್ಟಿಯಲ್ಲಿವೆ. ಗೊಲುಂಡ ಅನ್ನೋ ಪೊದೆ ಇಲಿಯೂ ಇದೆ. ಹಳೇ ಪ್ರಾಣಿಶಾಸ್ತ್ರ ಪುಸ್ತಕಗಳಲ್ಲಿ ಇದರ ಕನ್ನಡ ಹೆಸರು ಗುಲಂದಿ. ಜಗತ್ತೆಲ್ಲ ಬಳಸುವ ಹೆಸರು ನಮ್ಮ ಮಾತಿನಿಂದ ಹೋಗಿದ್ದು ಅಂದ್ರೆ ಖುಷಿ ಆಗಲ್ವಾ!

ಇಷ್ಟೊಂದು ಇಲಿ ಗುಹೆಗೆ ಬಂದಿದ್ದು ಹೇಗೆ? ಇಂಥ ಗುಹೆಗಳಲ್ಲಿ ಮುಖ್ಯ ಕಾರಣ ಗೂಬೆ. ಅದು ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲನ್ನು ಉಂಡೆ ಮಾಡಿ ಕಕ್ಕುತ್ತೆ. ಸಾವಿರಾರು ವರ್ಷ ಅದೇ ಜಾಗದಲ್ಲಿ ಗೂಬೆಗಳು ಕೂತರೆ ಕೆಳಗೆ ರಾಶಿ. ಆ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಕಿ ತೊಳೆದು ಹಲ್ಲು ಆರಿಸ್ತಾರೆ. ಇಲಿಯ ದವಡೆ ಹಲ್ಲಿನ ಮೇಲಿನ ಉಬ್ಬುಗಳು ಒಂದೊಂದು ಜಾತಿಗೆ ಒಂದೊಂದು ಥರ. ಗುಲಂದಿಯ ಮೇಲಿನ ಬಾಚಿಹಲ್ಲಿನಲ್ಲಿ ಉದ್ದ ಗೀರು ಇರುತ್ತೆ. ಬಯಲ ಇಲಿ ಜಾಸ್ತಿ ಸಿಕ್ಕರೆ ಆಗ ಒಣ ಬಯಲಿತ್ತು, ಕಾಡಿನ ಅಳಿಲು ಸಿಕ್ಕರೆ ಮರಗಳಿದ್ದವು ಅಂತ ಲೆಕ್ಕ.

ವಯಸ್ಸಿನದ್ದೇ ಕಷ್ಟ. ಕೆಳಗಿನ ಪದರ ಹಳೇದು, ಮೇಲಿನದು ಹೊಸದು. ಆದರೆ ಹೆಗ್ಗಣ ಬಿಲ ತೋಡಿ ಹೊಸ ಹಲ್ಲನ್ನು ಹಳೇ ಪದರಕ್ಕೆ ಬೀಳಿಸಿಬಿಡುತ್ತೆ (ಅಲ್ಲೂ ಅದೇ ಬುದ್ಧಿ). ಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷದ ಆಚೆ ನಡೆಯಲ್ಲ. ಅದಕ್ಕೆ ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡಿದ್ದು ಯಾವಾಗ ಅಂತ ಅಳೀತಾರೆ. ಬೆಳಕು ತಾಗದಂತೆ ಪದರಕ್ಕೆ ಕೊಳವೆ ಹೊಡೆದು ಮಣ್ಣು ತೆಗೆದು, ಲ್ಯಾಬಿನ ಮಂದ ಕೆಂಪು ದೀಪದಲ್ಲಿ ಬಿಚ್ಚಬೇಕು. ಮೂಳೆಯ ಮೇಲೆ ಸುಣ್ಣದ ಪದರ ಕಟ್ಟಿದ್ದರೆ ಅದರೊಳಗಿನ ಯುರೇನಿಯಂ ಎಷ್ಟು ಥೋರಿಯಂ ಆಗಿದೆ ಅಂತ ನೋಡಿ ವಯಸ್ಸು ಹೇಳ್ತಾರೆ. ಮೂಳೆ ಅದಕ್ಕಿಂತ ಹಳೇದು ಅಂತಾಯ್ತು.

2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಿಲ್ಲಸುರ್ಗಂ ಪದರಗಳು ಸುಮಾರು 2 ಲಕ್ಷ ವರ್ಷದಷ್ಟು ಹಿಂದಕ್ಕೆ ಹೋಗುತ್ತವೆ. ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ ಒಂದು ಕೋತಿ ಬಿಟ್ಟು ಉಳಿದ 20 ಬಗೆ ಇಲ್ಲಿ ಉಳಿದುಕೊಂಡವು. ಬೇರೆ ಖಂಡಗಳಲ್ಲಿ ಎಷ್ಟೋ ಪ್ರಾಣಿ ಅಳಿದುಹೋದ ಕಾಲವದು.

ರಜೆಗೆ ಬೇಲಂ ಗುಹೆ ಕಡೆ ಹೋಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ಮಣ್ಣಲ್ಲಿ ಹಲ್ಲು, ಮೂಳೆ ಕಂಡರೆ ಕೀಳಬೇಡಿ. ಪದರದಿಂದ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ ಅದರ ವಯಸ್ಸು ಹೇಳೋದು ಯಾರಿಂದಲೂ ಕಷ್ಟ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದು, ಜಾಗ ಗುರುತು ಮಾಡಿಕೊಂಡು ಅಲ್ಲಿನ ಸಿಬ್ಬಂದಿಗೆ ತೋರಿಸಿ.