ಸುರಪುರ ಸೀಮೆಯಲ್ಲಿ ಹೃದಯಚಿಕಿತ್ಸೆಯ ದೂರಮಾನ

ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ ಸೀಮೆಯಲ್ಲಿ ಬೇಡ ನಾಯಕರು ಬಲಗೊಂಡುದಕ್ಕೆ ಅಲ್ಲಿಯ ಗುಡ್ಡಗಳ ದುರ್ಗಮತ್ವವೂ ಒಂದು ಕಾರಣವೆಂಬುದು ಇತಿಹಾಸಜ್ಞರಿಗೆ ವಿದಿತವೇ ಇದೆ. ೧೭೦೫ರಲ್ಲಿ ಔರಂಗಜೇಬನು ವಾಗಿನಗೇರಿಯನ್ನು ಮುತ್ತಿದಾಗ ಪಿಡ್ಡನಾಯಕನಿಗೆ ನೆರವಾದ ಆ ದುರ್ಗಮತ್ವವೇ ಎದೆಬೇನೆಯಿಂದ ನರಳುವವನಿಗೆ ಹಗೆಯಾಗಿ ಪರಿಣಮಿಸಿದ ಬಗೆಯೂ ವಿಚಾರಾರ್ಹವಾದುದು.

ಸುಶ್ರುತಸಂಹಿತೆಯಲ್ಲಿ ಹೃದಯವು ಸದ್ಯಃಪ್ರಾಣಹರ ಮರ್ಮಗಳಲ್ಲಿ ಪರಿಗಣಿತವಾಗಿದೆ. ಅಲ್ಲಿ 'ಸದ್ಯಃ' ಎಂದರೆ ಏಳು ದಿನಗಳೊಳಗೆ ಎಂದರ್ಥ. ಅದೂ ಮರ್ಮಕ್ಕೆ ಪೆಟ್ಟು ಬಿದ್ದ ವಿಷಯವಾಗಿ ಹೇಳಿದ ಮಾತು. ರಕ್ತನಾಳವು ಕಟ್ಟಿಕೊಂಡು ಉಂಟಾಗುವ ಹೃದಯಾಘಾತದಲ್ಲಿಯಾದರೋ ಇಷ್ಟು ಅವಕಾಶವಿಲ್ಲ. ನಾಳವನ್ನು ಒಳಗಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿಯು ರೋಗನಿರ್ಣಯವಾದ ೧೨೦ ನಿಮಿಷಗಳೊಳಗೆ, ಅಂದರೆ ೫ ಘಳಿಗೆಗಳೊಳಗೆ, ದೊರೆಯುವಂತಿಲ್ಲದಿದ್ದರೆ ಹೆಪ್ಪನ್ನು ಕರಗಿಸುವ ಔಷಧವನ್ನು ತಡಮಾಡದೆ ಕೊಡತಕ್ಕುದೆಂದು ಇಂದಿನ ವೈದ್ಯರ ನಿಯಮ. ಆದುದರಿಂದ ಇಲ್ಲಿ ದೂರವನ್ನು ಹರದಾರಿಯಿಂದಲ್ಲ, ಘಳಿಗೆಯಿಂದ ಅಳೆಯಬೇಕಾಗುತ್ತದೆ.

ಬೆಂಗಳೂರಿನಲ್ಲಿ ಜಯದೇವ ಹೃದ್ರೋಗಸಂಸ್ಥೆಯು ೧೯೭೨ರಲ್ಲಿ ಆರಂಭವಾಯಿತು. ಸುರಪುರಕ್ಕೆ ಅದು ಸುಮಾರು ೫೦೦ ಕಿಲೋಮೀಟರು ದೂರ; ಇದ್ದರೂ ಇಲ್ಲದಂತೆಯೇ ಸರಿ. ೨೦೧೬ರಲ್ಲಿ ಅದರ ಶಾಖೆಯು ಕಲಬುರಗಿಯಲ್ಲಿ ತೆರೆಯಲ್ಪಟ್ಟು, ೨೦೨೪ರ ಡಿಸೆಂಬರಿನಲ್ಲಿ ೩೭೧ ಹಾಸಿಗೆಗಳ ಸ್ವಂತ ಕಟ್ಟಡವನ್ನು ಪಡೆಯಿತು. ಇದರಿಂದ ದೂರವು ಸುಮಾರು ೧೦೦ ಕಿಲೋಮೀಟರಿಗೆ ಇಳಿದುದು ನಿಜ. ಆದರೆ ವಾಹನವು ಬಾಗಿಲಲ್ಲಿಯೇ ಸಿದ್ಧವಾಗಿದ್ದರೂ ಆ ೫ ಘಳಿಗೆಗಳು ಬಹುಮಟ್ಟಿಗೆ ದಾರಿಯಲ್ಲಿಯೇ ಕಳೆದುಹೋಗುವುವು. ಇನ್ನು ಹಳ್ಳಿಗಳ ಪಾಡನ್ನು ಹೇಳುವುದೇನು! ಹಿಂದೆ ಸುರಪುರ ತಾಲೂಕಿಗೆ ಸೇರಿದ್ದ ನೀಲಕಂಠರಾಯನಗಡ್ಡಿಯು ಕೃಷ್ಣೆಯ ನಡುಗಡ್ಡೆ. ನಾರಾಯಣಪುರದ ಜಲಾಶಯದಿಂದ ನೀರನ್ನು ಬಿಟ್ಟಾಗ ಆ ಊರಿಗೆ ಹೊರಗಿನ ಸಂಪರ್ಕವೇ ತಪ್ಪುತ್ತಿದ್ದಿತು. ಭೂಪಟದಲ್ಲಿ ವೈಶಾಖಕ್ಕೂ ಶ್ರಾವಣಕ್ಕೂ ದೂರವು ಒಂದೇ. ಹೊಳೆಯ ದಡದಲ್ಲಿ ನಿಂತವನಿಗೆ ಹಾಗಲ್ಲ.

ದೂರವೊಂದೇ ಅಡ್ಡಿಯೆಂದೂ ತಿಳಿಯಲಾಗದು. ಬಡಕುಟುಂಬಗಳಿಗೆ ಹೃದ್ರೋಗವೇ ಮೊದಲಾದ ಕಠಿನವ್ಯಾಧಿಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ೨೦೧೦ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿಯೇ ಮೊದಲು ಜಾರಿಗೆ ಬಂದಿತು. ಯೋಜನೆಗೆ ಒಳಪಟ್ಟ ೩೦೦ ಗ್ರಾಮಗಳನ್ನೂ ಒಳಪಡದ ೨೭೨ ಗ್ರಾಮಗಳನ್ನೂ ತುಲನೆಮಾಡಿ ೨೦೧೪ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಆ ವ್ಯಾಧಿಗಳಿಂದಾದ ಬಡವರ ಮರಣಪ್ರಮಾಣವು ಮೊದಲಿನವುಗಳಲ್ಲಿ ಶೇಕಡಾ ೬೪ರಷ್ಟು ಕಡಮೆಯಾಗಿ ಕಂಡುಬಂದಿತು. ಎಲ್ಲೆಯ ಇತ್ತ ಕಡೆಯವರಿಗೆ ಆಸ್ಪತ್ರೆಯು ಹತ್ತಿರ ಬಂದಿರಲಿಲ್ಲ. ಹಣದ ಅಡ್ಡಿ ಮಾತ್ರ ತೊಲಗಿದ್ದಿತು. ಅಳೆಯುವವರು ಇದನ್ನು ಮರೆಯಬಾರದು.

೨೦೨೩ರಲ್ಲಿ ಘೋಷಿತವಾದ ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯು ಲೆಕ್ಕದ ಕ್ರಮವನ್ನೇ ಬದಲಿಸಿತು. ಅದಕ್ಕೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವುದು ಇದರ ಕ್ರಮ. ಹೀಗಾದಲ್ಲಿ ಮೊದಲು ಅಳೆಯತಕ್ಕುದು ತಾಲೂಕು ಆಸ್ಪತ್ರೆಗಿರುವ ದಾರಿಯನ್ನೇ ಹೊರತು ಕಲಬುರಗಿಯ ದಾರಿಯನ್ನಲ್ಲ. ಎದೆಯ ನೋವನ್ನು ವಾಯುವೆಂದು ಬಗೆದು ಮನೆಯಲ್ಲಿಯೇ ಕಳೆದ ಘಳಿಗೆಗಳಾದರೋ ಈ ಯಾವ ಅಳತೆಗೂ ಸಿಕ್ಕುವುದಿಲ್ಲ.