ಮನೆಯೇ ಮುಖ್ಯ ಪಾತ್ರ: ‘ಜು-ಆನ್’ ಚಿತ್ರಸರಣಿ ಸಾಗಿಬಂದ ಹಾದಿ

ಜಪಾನಿನ ದೆವ್ವದ ಸಿನಿಮಾ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮುಖದ ಮೇಲೆ ಇಳಿಬಿದ್ದ ಕಪ್ಪು ಕೂದಲಿನ, ಬಿಳಿ ಉಡುಗೆಯ ಹೆಂಗಸು. ಈ ರೂಪವನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಎರಡು ಸರಣಿಗಳು: ‘ರಿಂಗ್’ ಮತ್ತು ‘ಜು-ಆನ್’. ಮೇಲ್ನೋಟಕ್ಕೆ ಅಕ್ಕತಂಗಿಯರಂತೆ ಕಂಡರೂ ಎರಡರ ಭಯ ಬೇರೆ ಬೇರೆ. ‘ರಿಂಗ್’ನಲ್ಲಿ ಶಾಪ ಅಂಟಿಕೊಂಡಿರುವುದು ವಿಡಿಯೊ ಟೇಪಿಗೆ. ನೋಡಿದವರಿಗೆ ಏಳು ದಿನದ ಗಡುವಿದೆ, ಪಾರಾಗಲು ಒಂದು ದಾರಿಯೂ ಇದೆ. ‘ಜು-ಆನ್’ನಲ್ಲಿ ಶಾಪ ಇರುವುದು ಮನೆಗೆ. ಹೊಸ್ತಿಲು ದಾಟಿದವರಿಗೆ ಗಡುವೂ ಇಲ್ಲ, ಪರಿಹಾರವೂ ಇಲ್ಲ.

1998ರಲ್ಲಿ ಟಿವಿಗಾಗಿ ತಯಾರಾದ ಎರಡು ತುಣುಕುಗಳಿಂದ ಹಿಡಿದು 2020ರ ನೆಟ್‌ಫ್ಲಿಕ್ಸ್ ಧಾರಾವಾಹಿಯವರೆಗೆ ಈ ಸರಣಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದಿದೆ. ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮನೆಯನ್ನು ನೆಚ್ಚಿಕೊಂಡಾಗಲೆಲ್ಲ ಸರಣಿ ಗೆದ್ದಿದೆ, ಮನೆಯನ್ನು ಮರೆತು ದೆವ್ವದ ಮುಖವನ್ನಷ್ಟೇ ನೆಚ್ಚಿಕೊಂಡಾಗ ಸೋತಿದೆ.

ಹಿಂದಿನ ಮನೆಗಳು

ಸೇಡಿನ ಹೆಣ್ಣು ದೆವ್ವ ಜಪಾನಿನ ಕಥಾಪರಂಪರೆಗೆ ಹೊಸತಲ್ಲ. ನಾಲ್ಕನೇ ತ್ಸುರುಯಾ ನಂಬೊಕು ಬರೆದ ‘ಯೊತ್ಸುಯಾ ಕೈದಾನ್’ ಎಂಬ ಕಬುಕಿ ನಾಟಕ 1825ರಲ್ಲೇ ರಂಗಕ್ಕೆ ಬಂದಿತ್ತು. ಗಂಡನಿಂದ ಮೋಸಹೋಗಿ, ವಿಷದಿಂದ ಮುಖ ವಿರೂಪಗೊಂಡು ಸತ್ತ ಓಇವಾ ಅವನನ್ನು ಬಿಡದೆ ಕಾಡುವ ಕಥೆ ಅದು. 1959ರಲ್ಲಿ ನೊಬುವೊ ನಕಾಗಾವಾ ಅದನ್ನು ತೆರೆಗೆ ತಂದ ರೀತಿ ಇಂದಿಗೂ ಮಾದರಿ. 1968ರಲ್ಲಿ ಕನೆತೊ ಶಿಂದೊ ‘ಕುರೊನೆಕೊ’ ಮಾಡಿದರು. ಸೈನಿಕರ ಅತ್ಯಾಚಾರಕ್ಕೆ ಬಲಿಯಾದ ಅತ್ತೆ, ಸೊಸೆ ಕರಿಬೆಕ್ಕಿನ ರೂಪದ ಪ್ರೇತಗಳಾಗಿ ಬರುವ ಚಿತ್ರ ಅದು. ‘ಜು-ಆನ್’ನ ಬಾಲಕ ಬೆಕ್ಕಿನ ದನಿಯಲ್ಲಿ ಕೂಗುವುದನ್ನು ಕೇಳಿದಾಗ ಈ ಹಳೆಯ ನಂಟು ನೆನಪಾಗದೆ ಇರದು.

ದೆವ್ವದ ಮನೆಯ ಸಿನಿಮಾಕ್ಕೂ ಅಲ್ಲಿ ತನ್ನದೇ ಚರಿತ್ರೆ ಇದೆ. 1977ರಲ್ಲಿ ನೊಬುಹಿಕೊ ಒಬಯಾಶಿ ಮಾಡಿದ ‘ಹೌಸ್’ನಲ್ಲಿ ಚಿಕ್ಕಮ್ಮನ ಮನೆಗೆ ರಜೆಗೆಂದು ಹೋದ ಶಾಲಾ ಹುಡುಗಿಯರನ್ನು ಮನೆಯೇ ನುಂಗಿಹಾಕುತ್ತದೆ. 1989ರಲ್ಲಿ ಕಿಯೋಶಿ ಕುರೊಸಾವಾ ‘ಸ್ವೀಟ್ ಹೋಮ್’ ಮಾಡಿದರು. ಆದರೆ ಈ ಎರಡರಲ್ಲೂ ಇರುವುದು ಊರಾಚೆಯ ದೊಡ್ಡ ಬಂಗಲೆಗಳು. ನೋಡಿದರೇ ದೆವ್ವದ ಮನೆ ಎಂದು ಗೊತ್ತಾಗುವಂಥವು. 1990ರ ದಶಕದ ಆರಂಭದಲ್ಲಿ ನೊರಿಯೊ ತ್ಸುರುತಾ ವಿಡಿಯೊಗಾಗಿ ಮಾಡಿದ ಕಿರುಕಥೆಗಳು ದೆವ್ವವನ್ನು ಸಾಮಾನ್ಯ ಕೋಣೆಗಳಿಗೆ, ಹಗಲು ಬೆಳಕಿಗೆ, ಕಣ್ಣಂಚಿಗೆ ತಂದವು. ಅದೇ ಜಾಡಿನಲ್ಲಿ 1998ರಲ್ಲಿ ಹಿದೆಯೊ ನಕಾತಾ ಅವರ ‘ರಿಂಗ್’ ಬಂತು. ಅದರ ಚಿತ್ರಕಥೆ ಹಿರೋಶಿ ತಕಾಹಾಶಿ ಅವರದು.

ಮೂರು ನಿಮಿಷದಲ್ಲಿ ಹುಟ್ಟಿದ ಕಥೆ

1972ರಲ್ಲಿ ಗುನ್ಮಾ ಪ್ರಾಂತ್ಯದಲ್ಲಿ ಹುಟ್ಟಿದ ತಕಾಶಿ ಶಿಮಿಜು ಟೋಕಿಯೊದ ಸಿನಿಮಾ ಶಾಲೆಯಲ್ಲಿ ಕುರೊಸಾವಾ ಮತ್ತು ತಕಾಹಾಶಿ ಅವರ ವಿದ್ಯಾರ್ಥಿಯಾಗಿದ್ದರು. 1998ರಲ್ಲಿ ಕನ್ಸಾಯ್ ಟಿವಿಯ ಶಾಲಾ ದೆವ್ವಗಳ ಕಥಾಮಾಲೆಯಲ್ಲಿ ಅವರಿಗೆ ಎರಡು ತುಣುಕುಗಳ ಅವಕಾಶ ಸಿಕ್ಕಿತು. ತಲಾ ಸುಮಾರು ಮೂರು ನಿಮಿಷ. ಒಂದರ ಹೆಸರು ‘ಕತಾಸುಮಿ’. ಶಾಲೆಯ ಮೊಲಗಳಿಗೆ ಮೇವು ಹಾಕಲು ಬಂದ ಹುಡುಗಿಯರ ಮುಂದೆ ಹೆಂಗಸೊಬ್ಬಳು ತೆವಳಿಕೊಂಡು ಬರುತ್ತಾಳೆ. ಇನ್ನೊಂದರ ಹೆಸರು ‘4444444444’. ಬಿದ್ದಿದ್ದ ಮೊಬೈಲ್ ಫೋನೊಂದು ರಿಂಗಾಗುತ್ತದೆ, ಎತ್ತಿಕೊಂಡ ಹುಡುಗನಿಗೆ ಕೇಳಿಸುವುದು ಬೆಕ್ಕಿನ ಕೂಗು, ಪಕ್ಕಕ್ಕೆ ತಿರುಗಿದರೆ ಬಿಳಿಚಿಕೊಂಡ ಪೋರ ಕೂತಿದ್ದಾನೆ. ಸರಣಿಯ ದೆವ್ವಗಳಾದ ಕಯಾಕೊ ಮತ್ತು ಅವಳ ಮಗ ತೊಶಿಯೊ ಹುಟ್ಟಿದ್ದು ಇಲ್ಲಿ.

2000ದಲ್ಲಿ ಇದೇ ಕಥೆ ‘ಜು-ಆನ್’ ಹೆಸರಿನಲ್ಲಿ ಎರಡು ವಿಡಿಯೊ ಚಿತ್ರಗಳಾಯಿತು. ಥಿಯೇಟರಿಗೆ ಹೋಗದೆ ನೇರವಾಗಿ ಕ್ಯಾಸೆಟ್ ಅಂಗಡಿಗೆ ಬರುವ ಇಂಥ ಚಿತ್ರಗಳಿಗೆ ಜಪಾನಿನಲ್ಲಿ ದೊಡ್ಡ ಮಾರುಕಟ್ಟೆಯಿತ್ತು. ತೋಯೆಯ್ ಕಂಪನಿ 1989ರಿಂದಲೇ ‘ವಿ-ಸಿನಿಮಾ’ ಎಂಬ ಹೆಸರಿನಲ್ಲಿ ಅವನ್ನು ತಯಾರಿಸುತ್ತಿತ್ತು. ದುಡ್ಡು ಕಡಿಮೆ, ದಿನ ಕಡಿಮೆ, ಕಂಪ್ಯೂಟರ್ ಚಮತ್ಕಾರಕ್ಕೆ ಅವಕಾಶವೇ ಇಲ್ಲ. ಈ ಬಡತನವೇ ಶಿಮಿಜುಗೆ ಅನುಕೂಲವಾಯಿತು. ಅವರ ಕೈಯಲ್ಲಿದ್ದದ್ದು ಎರಡಂತಸ್ತಿನ ಒಂದು ಸಾಮಾನ್ಯ ಮನೆ: ಕಿರಿದಾದ ಮೆಟ್ಟಿಲು, ಹಾಸಿಗೆ ಮಡಿಸಿಡುವ ಗೋಡೆ ಕಪಾಟು, ಅಟ್ಟಕ್ಕೆ ಹತ್ತುವ ಕಿಂಡಿ, ಬಚ್ಚಲು. ಜೊತೆಗೆ ತಕಾಕೊ ಫುಜಿ ಎಂಬ ನಟಿ. ಮೆಟ್ಟಿಲಿನ ಮೇಲಿಂದ ತಲೆಕೆಳಗಾಗಿ, ಕೀಲು ತಪ್ಪಿದವಳಂತೆ ತೆವಳಿಕೊಂಡು ಇಳಿಯುವ ಕಯಾಕೊ ಅವರ ಮೈಯಿಂದಲೇ ರೂಪುಗೊಂಡವಳು. ಗಂಟಲು ಹಿಸುಕಿದಂತೆ ಹೊರಡುವ ಗರಗರ ಸದ್ದು ಅವಳ ಗುರುತಾಯಿತು.

ಕಥೆ ಸರಳ. ಕಯಾಕೊಗೆ ಮಗನ ಮೇಷ್ಟ್ರ ಮೇಲೆ ಮನಸ್ಸಿತ್ತು ಎಂಬುದು ಅವಳ ದಿನಚರಿಯಿಂದ ಗಂಡ ತಕೆಯೊ ಸಯೆಕಿಗೆ ಗೊತ್ತಾಗುತ್ತದೆ. ಅವನು ಹೆಂಡತಿಯನ್ನು ಕೊಲ್ಲುತ್ತಾನೆ. ಮಗ ತೊಶಿಯೊ, ಮನೆಯ ಬೆಕ್ಕು ಕೂಡ ಉಳಿಯುವುದಿಲ್ಲ. ಆ ರೋಷ ಮನೆಯಲ್ಲೇ ನೆಲೆನಿಲ್ಲುತ್ತದೆ. ಶಿಮಿಜು ಹಳೆಯ ಪರಂಪರೆಯಿಂದ ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಓಇವಾ ಕಾಡಿದ್ದು ತನಗೆ ಕೇಡು ಮಾಡಿದವನನ್ನು. ಕಯಾಕೊಗೆ ಆ ಲೆಕ್ಕವಿಲ್ಲ. ಮನೆ ಕೊಂಡವರು, ಮನೆ ಮಾರುವ ಏಜೆಂಟ್, ಪಾಠ ಹೇಳಲು ಬಂದ ಹುಡುಗಿ, ತನಿಖೆಗೆ ಬಂದ ಪೊಲೀಸ್, ಯಾರನ್ನೂ ಬಿಡುವುದಿಲ್ಲ. ಗಂಡ ಹೆಂಡತಿಯನ್ನು ಹೊಡೆದು ಕೊಂದ ಮನೆಯ ಪಾಪ ಆ ಮನೆಯಲ್ಲಿ ಮುಗಿಯುವುದಿಲ್ಲ, ಬೀದಿಗೆ, ಕಚೇರಿಗೆ, ಶಾಲೆಗೆ ಹಬ್ಬುತ್ತದೆ. ಸರಣಿಯ ನಿಜವಾದ ಭಯ ಇದು.

ಹೊದಿಕೆಯೊಳಗಿನ ದೆವ್ವ

2003ರ ಜನವರಿಯಲ್ಲಿ ‘ಜು-ಆನ್’ ಥಿಯೇಟರಿಗೆ ಬಂತು. ನಿರ್ಮಾಪಕ ತಕಾಶಿಗೆ ಇಚಿಸೆ. ‘ರಿಂಗ್’ ತಂಡದಲ್ಲೂ ಇದ್ದವರು. ಹಾಸಿಗೆ ಹಿಡಿದ ಮುದುಕಿಯೊಬ್ಬರನ್ನು ನೋಡಿಕೊಳ್ಳಲು ರಿಕಾ ಎಂಬ ಹುಡುಗಿ ಆ ಮನೆಗೆ ಬರುವುದರೊಂದಿಗೆ ಚಿತ್ರ ಶುರುವಾಗುತ್ತದೆ. ಮುಂದಿನದು ನೇರವಾಗಿ ಸಾಗುವ ಕಥೆಯಲ್ಲ. ಒಂದೊಂದು ಅಧ್ಯಾಯಕ್ಕೂ ಒಬ್ಬೊಬ್ಬ ಬಲಿಯ ಹೆಸರು, ಕಾಲ ಹಿಂದುಮುಂದಾಗುತ್ತದೆ. ಯಾರು ಮೊದಲು ಸತ್ತರು, ಯಾರು ಆಮೇಲೆ ಎಂಬುದನ್ನು ನೋಡುಗನೇ ಜೋಡಿಸಿಕೊಳ್ಳಬೇಕು. ಹೀಗಾಗಿ ಪಾತ್ರವೊಂದು ತೆರೆಗೆ ಬರುವಷ್ಟರಲ್ಲೇ ಅದರ ಗತಿ ಏನಾಗುತ್ತದೆಂದು ನಮಗೆ ಗೊತ್ತಿರುತ್ತದೆ.

ಈ ಚಿತ್ರದ ಹಿತೋಮಿಯ ಅಧ್ಯಾಯವನ್ನು ಸಿನಿಮಾ ಕಲಿಯುವವರು ಮತ್ತೆ ಮತ್ತೆ ನೋಡಬೇಕು. ಕಚೇರಿಯಲ್ಲಿ ಹೆದರಿದ ಹಿತೋಮಿ ಓಡೋಡಿ ತನ್ನ ಫ್ಲ್ಯಾಟಿಗೆ ಬರುತ್ತಾಳೆ. ಲಿಫ್ಟ್ ಮೇಲೇರುತ್ತಿದೆ, ಅವಳ ಬೆನ್ನ ಹಿಂದಿನ ಗಾಜಿನಾಚೆ ಪ್ರತಿ ಮಹಡಿಯಲ್ಲೂ ತೊಶಿಯೊ ನಿಂತಿದ್ದಾನೆ. ನಮಗೆ ಕಾಣುತ್ತದೆ, ಅವಳಿಗಿಲ್ಲ. ಮನೆಯೊಳಗೆ ಬಂದು ಚಿಲಕ ಹಾಕಿ, ದೀಪ ಉರಿಸಿ, ಟಿವಿ ಹಚ್ಚಿ ಹಾಸಿಗೆ ಸೇರುತ್ತಾಳೆ. ಟಿವಿಯಲ್ಲಿ ಮಾತಾಡುತ್ತಿದ್ದವಳ ಮುಖ ಸೊಟ್ಟಗಾಗುತ್ತದೆ. ಹೊದಿಕೆ ಮುಸುಕು ಹಾಕಿಕೊಳ್ಳುತ್ತಾಳೆ. ಹೊದಿಕೆಯ ಒಳಗೇ ಏನೋ ಇದೆ ಅನಿಸಿ ಎತ್ತಿ ನೋಡಿದರೆ ಅಲ್ಲಿ ಕಯಾಕೊ. ಮರುಕ್ಷಣ ಹಾಸಿಗೆ ಖಾಲಿ. ಚಿಕ್ಕವರಿದ್ದಾಗಿನಿಂದ ಎಲ್ಲರೂ ನಂಬಿದ ಒಂದೇ ಒಂದು ರಕ್ಷಣೆಯನ್ನು ಶಿಮಿಜು ಕಿತ್ತುಕೊಂಡರು. ಇಡೀ ದೃಶ್ಯದಲ್ಲಿ ರಕ್ತವಿಲ್ಲ, ದುಬಾರಿ ತಂತ್ರವಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಎರಡನೇ ಚಿತ್ರ ಬಂತು. ಆ ಮನೆಗೆ ಚಿತ್ರೀಕರಣಕ್ಕೆಂದು ಬಂದ ಟಿವಿ ತಂಡ, ಬಸುರಿ ನಟಿ, ಕಡೆಗೆ ಕಯಾಕೊಳೇ ಮಗುವಾಗಿ ಹುಟ್ಟಿಬರುವ ಪ್ರಸಂಗ ಅದರಲ್ಲಿವೆ. ಕಲ್ಪನೆ ದಿಟ್ಟವಾಗಿದ್ದರೂ ಮೊದಲ ಚಿತ್ರದ ಬಿಗಿ ಇದಕ್ಕಿಲ್ಲ.

ಹಾಲಿವುಡ್ಡಿನ ಹೊತ್ತು

2004ರಲ್ಲಿ ಸ್ಯಾಮ್ ರೈಮಿ ಅವರ ಸಂಸ್ಥೆ ‘ಜು-ಆನ್’ ಅನ್ನು ‘ದಿ ಗ್ರಡ್ಜ್’ ಹೆಸರಿನಲ್ಲಿ ಮತ್ತೆ ತಯಾರಿಸಿತು. ನಿರ್ದೇಶನಕ್ಕೆ ಶಿಮಿಜು ಅವರನ್ನೇ ಕರೆಸಿತು, ಕಥೆಯನ್ನು ಟೋಕಿಯೊದಲ್ಲೇ ಉಳಿಸಿತು, ಕಯಾಕೊ ಪಾತ್ರಕ್ಕೆ ತಕಾಕೊ ಫುಜಿಯನ್ನೇ ಇಟ್ಟುಕೊಂಡಿತು. ಸಾರಾ ಮಿಶೆಲ್ ಗೆಲ್ಲರ್ ನಾಯಕಿ. ಸುಮಾರು 1 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 18 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಭಾಷೆ ಬಾರದ ಊರಿನಲ್ಲಿ ಒಂಟಿಯಾದ ಅಮೆರಿಕನ್ನರ ಕಂಗಾಲುತನ ಕಥೆಗೆ ಹೊಸ ಪದರ ಸೇರಿಸಿತು. 2006ರ ಎರಡನೇ ಭಾಗ ಶಾಪವನ್ನು ಶಿಕಾಗೊಗೆ ಸಾಗಿಸಿತು. 2009ರ ಮೂರನೆಯದು ಥಿಯೇಟರಿಗೂ ಹೋಗಲಿಲ್ಲ. 2020ರಲ್ಲಿ ನಿಕೊಲಸ್ ಪೆಶ್ ಮತ್ತೊಮ್ಮೆ ಪ್ರಯತ್ನಿಸಿದರು. ಊರು ಬದಲಾದಂತೆಲ್ಲ ಮನೆ ಹೆಸರಿಗಷ್ಟೇ ಉಳಿಯಿತು.

ಹತ್ತನೇ ವರ್ಷದ ನೆನಪಿಗೆ 2009ರಲ್ಲಿ ಜಪಾನಿನಲ್ಲಿ ಎರಡು ಚಿಕ್ಕ ಚಿತ್ರಗಳು ಜೋಡಿಯಾಗಿ ಬಂದವು. ರ್ಯೂತಾ ಮಿಯಾಕೆ ಅವರದು ‘ಬಿಳಿ ಮುದುಕಿ’, ಮಾರಿ ಅಸಾತೊ ಅವರದು ‘ಕಪ್ಪು ಹುಡುಗಿ’. ಪರೀಕ್ಷೆಯಲ್ಲಿ ಫೇಲಾದ ಮಗ ಇಡೀ ಕುಟುಂಬವನ್ನು ಕೊಲ್ಲುವ ಕಥೆ ಮೊದಲನೆಯದು. ಹುಟ್ಟದೇ ಹೋದ ಅವಳಿಯ ಅಂಶ ಮೈಯಲ್ಲೇ ಉಳಿದ ಹುಡುಗಿಯ ಕಥೆ ಎರಡನೆಯದು. ಕಯಾಕೊಳನ್ನು ಹಿಂದಕ್ಕೆ ಸರಿಸಿ, ಬೇರೆ ಮನೆಗಳಲ್ಲೂ ಇಂಥ ಪಾಪ ನಡೆದಿದೆ ಎಂದು ತೋರಿಸಿದ ಈ ಜೋಡಿಗೆ ಸಿಗಬೇಕಾದ ಗಮನ ಸಿಗಲಿಲ್ಲ.

ಮನೆ ಕೆಡವಿದ ಮೇಲೆ

2014ರಲ್ಲಿ ಮಸಯುಕಿ ಒಚಿಯಾಯಿ ‘ಅಂತ್ಯದ ಆರಂಭ’ ಎಂಬ ಅರ್ಥದ ಹೆಸರಿನಲ್ಲಿ ಕಥೆಯನ್ನು ಹೊಸದಾಗಿ ಶುರುಮಾಡಿದರು. ಶಾಲೆಗೆ ಬಾರದ ತೊಶಿಯೊನನ್ನು ಹುಡುಕಿಕೊಂಡು ಹೋಗುವ ಟೀಚರ್ ಯುಯಿಯಾಗಿ ನೊಜೊಮಿ ಸಸಾಕಿ ನಟಿಸಿದರು. ಇಲ್ಲಿ ಕೇಡಿನ ಮೂಲ ಕಯಾಕೊ ಅಲ್ಲ. ಅದೇ ಮನೆಯಲ್ಲಿ ಅದಕ್ಕೂ ಮೊದಲು ಸತ್ತ ಇನ್ನೊಬ್ಬ ಬಾಲಕ. ಮೂಲಕ್ಕೊಂದು ಮೂಲ ಹುಡುಕುವ ಈ ಹಟದಿಂದ ಕಥೆ ಗೋಜಲಾಯಿತೇ ಹೊರತು ಗಾಢವಾಗಲಿಲ್ಲ. ಹೆಂಡತಿಯನ್ನು ಕೊಂದ ಗಂಡನ ಹೊಣೆಯೂ ಹಗುರಾಯಿತು. ಇದು ಕಥೆಗೆ ಮಾತ್ರವಲ್ಲ, ಕಯಾಕೊಗೂ ಆದ ಅನ್ಯಾಯ.

2015ರ ‘ದಿ ಫೈನಲ್’ ಅದರ ಮುಂದಿನ ಭಾಗ. ಕಾಣೆಯಾದ ಯುಯಿಯನ್ನು ಹುಡುಕಿ ಅಕ್ಕ ಮಾಯಿ ಹೊರಡುತ್ತಾಳೆ. ಅಷ್ಟರಲ್ಲಿ ಸಯೆಕಿ ಮನೆಯನ್ನು ಕೆಡವಿರುತ್ತಾರೆ. ತೊಶಿಯೊ ಸಂಬಂಧಿಕರ ಮನೆ ಸೇರಿದ್ದಾನೆ, ಅವನ ಜೊತೆಗೇ ಶಾಪವೂ ಅಲ್ಲಿಗೆ ಬಂದಿದೆ. ಅನಾಥ ಹುಡುಗನಿಗೆ ಆಶ್ರಯ ಕೊಟ್ಟ ಮನೆಯೇ ಹಾಳಾಗುವುದು ಎಂಥ ವಸ್ತು! ಕರುಣೆಗೂ ಭಯಕ್ಕೂ ನಡುವಿನ ಎಳೆದಾಟವನ್ನು ಬೆಳೆಸಿದ್ದರೆ ಸರಣಿಗೆ ಎರಡನೇ ಜನ್ಮ ಸಿಗುತ್ತಿತ್ತು. ಚಿತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ. ಬೆಕ್ಕಿನ ಕೂಗು, ಗರಗರ ಸದ್ದು, ಮೂಲೆಯಿಂದ ಹೊರಬರುವ ಬಿಳಿ ಮುಖ ಇವೆಲ್ಲ ಸರದಿಯಂತೆ ಬಂದುಹೋಗುತ್ತವೆ. ಮುಂದೇನು ಬರುತ್ತದೆಂದು ನೋಡುಗನಿಗೆ ಮೊದಲೇ ಗೊತ್ತು. ಮೆಟ್ಟಿಲು, ಕಪಾಟು, ಅಟ್ಟಗಳ ನಕ್ಷೆ ನಮಗೆ ಬಾಯಿಪಾಠವಾಗಿದ್ದ ಮನೆ ಹೋದ ಮೇಲೆ ಆ ಭಯಕ್ಕೆ ನೆಲೆಯೇ ಇಲ್ಲವಾಯಿತು.

2016ರಲ್ಲಿ ಕೋಜಿ ಶಿರಾಯಿಶಿ ‘ಸಡಾಕೊ ವರ್ಸಸ್ ಕಯಾಕೊ’ ಮಾಡಿದರು. ‘ರಿಂಗ್’ನ ದೆವ್ವ ಸಡಾಕೊ ಮತ್ತು ಕಯಾಕೊ ಇಬ್ಬರ ಶಾಪಗಳನ್ನು ಎದುರುಬದುರು ನಿಲ್ಲಿಸಿ ಒಂದರಿಂದ ಇನ್ನೊಂದನ್ನು ಕೊಲ್ಲಿಸುವ ಉಪಾಯ ಅದರ ಕಥೆ. ಪ್ರಚಾರಕ್ಕಾಗಿ ಸಪ್ಪೊರೊ ಡೋಮ್ ಬೇಸ್‌ಬಾಲ್ ಮೈದಾನದಲ್ಲಿ ಸಡಾಕೊ ಚೆಂಡು ಎಸೆದಳು, ಕಯಾಕೊ ಬ್ಯಾಟ್ ಹಿಡಿದಳು, ಸಾವಿರಾರು ಜನ ಚಪ್ಪಾಳೆ ತಟ್ಟಿದರು. ಚಿತ್ರ ಲವಲವಿಕೆಯಿಂದಲೇ ಇದೆ. ಆದರೆ ಗಂಡನ ಕೈಯಲ್ಲಿ ಸತ್ತ ಹೆಂಗಸಿನ ನೋವು ಮೈದಾನದ ಮನರಂಜನೆಯಾದ ಮೇಲೆ ಅವಳು ಹೆದರಿಸುವ ಶಕ್ತಿಯನ್ನು ಕಳೆದುಕೊಂಡಿದ್ದಳು.

ಮತ್ತೆ ಅದೇ ಹೊಸ್ತಿಲು

2020ರ ಜುಲೈ 3ರಂದು ನೆಟ್‌ಫ್ಲಿಕ್ಸಿನಲ್ಲಿ ‘ಜು-ಆನ್: ಒರಿಜಿನ್ಸ್’ ಬಂತು. ಆರು ಕಂತು. ಬರವಣಿಗೆ ತಕಾಹಾಶಿ ಮತ್ತು ಇಚಿಸೆ ಅವರದು, ನಿರ್ದೇಶನ ಶೋ ಮಿಯಾಕೆ ಅವರದು. ಕಯಾಕೊ ಇಲ್ಲ, ತೊಶಿಯೊ ಇಲ್ಲ, ಗರಗರ ಸದ್ದೂ ಇಲ್ಲ. ಇರುವುದು ಒಂದು ಮನೆ, ಮತ್ತು 1988ರಿಂದ ಮುಂದಿನ ಹತ್ತು ವರ್ಷದ ಜಪಾನ್.

ರಾತ್ರಿ ಫ್ಲ್ಯಾಟಿನಲ್ಲಿ ಕೇಳುವ ಹೆಜ್ಜೆ ಸದ್ದನ್ನು ಹರುಕಾ ಎಂಬ ನಟಿ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ಅವಳನ್ನು ಮದುವೆಯಾಗಬೇಕಿದ್ದ ಹುಡುಗ ಬಾಡಿಗೆಗೆ ನೋಡಿಬಂದ ಮನೆಗೂ ಆ ಸದ್ದಿಗೂ ಸಂಬಂಧವಿದೆ. ಇನ್ನೊಂದು ಕಡೆ ಕಿಯೋಮಿ ಎಂಬ ವಿದ್ಯಾರ್ಥಿನಿಯನ್ನು ಸಹಪಾಠಿಗಳು ಅದೇ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಅವಳ ಮೇಲೆ ಅತ್ಯಾಚಾರವಾಗುತ್ತದೆ. ಹಿನ್ನೆಲೆಯಲ್ಲಿ ಟಿವಿ ಸುದ್ದಿ ಹರಿಯುತ್ತಲೇ ಇರುತ್ತದೆ. 1995ರ ಟೋಕಿಯೊ ಮೆಟ್ರೊದ ಸರಿನ್ ವಿಷಾನಿಲ ದಾಳಿಯಂಥ, ಜಪಾನ್ ಮರೆಯಲಾಗದ ದುರಂತ, ಅಪರಾಧಗಳ ಸುದ್ದಿ. ಮನೆಯೊಳಗಿನ ಹಿಂಸೆ ಮತ್ತು ದೇಶದೊಳಗಿನ ಹಿಂಸೆ ಒಂದೇ ಮಾತಿನ ಎರಡು ರೂಪ ಎಂದು ಬಾಯಿಬಿಟ್ಟು ಹೇಳದೆ ಧಾರಾವಾಹಿ ತೋರಿಸಿಕೊಡುತ್ತದೆ. ಕೆಲವು ದೃಶ್ಯಗಳು ಸಹಿಸಲಾಗದಷ್ಟು ಕ್ರೂರ, ಎಲ್ಲರೂ ನೋಡುವಂಥವಲ್ಲ. ಆದರೂ ಶಿಮಿಜು 2000ದಲ್ಲಿ ಹಿಡಿದ ಎಳೆಯನ್ನು ಇಷ್ಟು ಪ್ರಾಮಾಣಿಕವಾಗಿ ಮುಂದುವರಿಸಿದ ಕೃತಿ ಸರಣಿಯಲ್ಲಿ ಬೇರೊಂದಿಲ್ಲ. ಇದೇ ಶೋ ಮಿಯಾಕೆ 2025ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಸ್ವರ್ಣ ಚಿರತೆ ಪ್ರಶಸ್ತಿ ಪಡೆದರು.

ಈ ಮನೆಯ ಕಥೆ ಬರೀ ಕಟ್ಟುಕಥೆಯಲ್ಲ ಎನ್ನಲು ಇನ್ನೊಂದು ಕಾರಣವಿದೆ. ಕೊಲೆ, ಆತ್ಮಹತ್ಯೆ ನಡೆದ ಮನೆಗಳಿಗೆ ಜಪಾನಿನಲ್ಲಿ ಬಾಡಿಗೆ ಇಳಿಯುತ್ತದೆ. ಗಿರಾಕಿಗೆ ಹಾಗೆಂದು ಮೊದಲೇ ತಿಳಿಸಬೇಕಾಗುತ್ತದೆ. ಎಷ್ಟು ಕಾಲ ತಿಳಿಸಬೇಕೆಂಬ ಗೊಂದಲಕ್ಕೆ 2021ರಲ್ಲಿ ಅಲ್ಲಿನ ಸರ್ಕಾರವೇ ಮಾರ್ಗಸೂಚಿ ಹೊರಡಿಸಿತು: ಬಾಡಿಗೆ ಮನೆಯಾದರೆ ಸಾಮಾನ್ಯವಾಗಿ ಸುಮಾರು ಮೂರು ವರ್ಷ. ಆಮೇಲೆ ಗಿರಾಕಿ ಕೇಳದಿದ್ದರೆ ಏಜೆಂಟ್ ಸಾಮಾನ್ಯವಾಗಿ ಸುಮ್ಮನಿರಬಹುದು. ‘ಜು-ಆನ್’ನ ಬಹುತೇಕ ಕಥೆಗಳು ಶುರುವಾಗುವುದೇ ಯಾರೂ ಏನೂ ಹೇಳದ ಈ ಮೌನದಿಂದ.

ಹೊಸದಾಗಿ ನೋಡಹೊರಟವರು ಎಲ್ಲ ಭಾಗಗಳನ್ನೂ ನೋಡಬೇಕಾಗಿಲ್ಲ. 2000ದ ಮೊದಲ ವಿಡಿಯೊ ಚಿತ್ರ, 2003ರ ಮೊದಲ ಥಿಯೇಟರ್ ಚಿತ್ರ, 2004ರ ಅಮೆರಿಕನ್ ಚಿತ್ರ, ಗಟ್ಟಿ ಮನಸ್ಸಿದ್ದವರು ‘ಒರಿಜಿನ್ಸ್’, ಈ ಕ್ರಮ ಸಾಕು. ‘ದಿ ಫೈನಲ್’ ನೋಡುವುದಾದರೆ ಕೊನೆಗಿರಲಿ. ಒಳ್ಳೆಯ ಸರಣಿಯೊಂದು ತನ್ನ ಬೇರನ್ನು ತಾನೇ ಕಿತ್ತುಕೊಂಡರೆ ಏನಾಗುತ್ತದೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.