ಊರು ಬಿಟ್ಟು ಓದಿದವರು: ಕನ್ನಡ ನಾಡಿನ ವಿದ್ಯಾರ್ಥಿ ನಿಲಯಗಳ ಚರಿತ್ರೆ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಸಂಸ್ಥಾನದಲ್ಲಿ ಪದವಿಯ ಓದು ಇದ್ದದ್ದು ಎರಡೇ ಊರಿನಲ್ಲಿ. ಮೈಸೂರಿನಲ್ಲಿ ಮಹಾರಾಜ ಮತ್ತು ಮಹಾರಾಣಿ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು. ಮುಂಬಯಿ ಕರ್ನಾಟಕದ ಹುಡುಗರಿಗೆ 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯುವವರೆಗೆ ಪುಣೆ, ಮುಂಬಯಿ, ಕೊಲ್ಹಾಪುರಗಳೇ ಗತಿ. ಕಲಬುರಗಿ, ರಾಯಚೂರು ಕಡೆಯವರು ಹೈದರಾಬಾದಿಗೆ ಹೋಗಬೇಕಿತ್ತು. ಮಳವಳ್ಳಿಯ ಒಕ್ಕಲಿನ ಮಗನಾಗಲಿ, ಮುದ್ದೇಬಿಹಾಳದ ನೇಕಾರನ ಮಗನಾಗಲಿ ಓದಬೇಕೆಂದರೆ ಮೊದಲು ಊರು ಬಿಡಬೇಕು. ಬಿಟ್ಟ ಮೇಲೆ ಎಲ್ಲಿ ಮಲಗುವುದು, ಎಲ್ಲಿ ಉಣ್ಣುವುದು? ನಮ್ಮ ಉನ್ನತ ಶಿಕ್ಷಣದ ಚರಿತ್ರೆಗಳಲ್ಲಿ ಕಾಲೇಜು ಕಟ್ಟಡಗಳ, ಕುಲಪತಿಗಳ, ಪಠ್ಯಕ್ರಮಗಳ ಕತೆ ಸಾಕಷ್ಟಿದೆ. ಈ ಪ್ರಶ್ನೆಯ ಕತೆ ಮಾತ್ರ ಬಿಡಿಬಿಡಿಯಾಗಿ ಆತ್ಮಕಥೆಗಳಲ್ಲಿ, ಮಠಗಳ ಸ್ಮರಣ ಸಂಚಿಕೆಗಳಲ್ಲಿ ಉಳಿದುಬಿಟ್ಟಿದೆ.

ಹಾಸ್ಟೆಲು ಹುಡುಗರನ್ನು ಶಿಸ್ತಿಗೆ ತರುತ್ತದೆ, ಅದರಿಂದ ನಡತೆ ತಿದ್ದುತ್ತದೆ ಎಂಬುದು ರೂಢಿಯ ಮಾತು. ದಾಖಲೆಗಳನ್ನು ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ. ನಮ್ಮ ನಾಡಿನಲ್ಲಿ ವಿದ್ಯಾರ್ಥಿ ನಿಲಯಗಳು ಮನುಷ್ಯರನ್ನು ರೂಪಿಸಿದ್ದು ಗಂಟೆ ಬಾರಿಸಿ ಎಬ್ಬಿಸಿದ್ದರಿಂದಲ್ಲ. ಹೈಸ್ಕೂಲಿನ ಹುಡುಗನನ್ನು ಕಾಲೇಜಿನ ಹುಡುಗನ ಪಕ್ಕದ ಚಾಪೆಯಲ್ಲಿ ಮಲಗಿಸಿದ್ದರಿಂದ, ನಿಲಯದ ಕೆಲಸದಲ್ಲಿ ಪಾಲು ಕೊಟ್ಟಿದ್ದರಿಂದ, ತಾನು ಉಣ್ಣುತ್ತಿರುವ ಅನ್ನ ಯಾರ ಹೊಲದಿಂದ ಬಂತು ಎಂಬುದು ದಿನವೂ ಕಣ್ಣಿಗೆ ಬೀಳುತ್ತಿದ್ದುದರಿಂದ. ಈ ಲೇಖನದ ವಾದ ಇಷ್ಟೆ.

ಶಾಸನಗಳ ಸಾಕ್ಷ್ಯ

ಓದುವವರಿಗೆ ವಸತಿ ಕೊಡುವುದು ಇಲ್ಲಿ ಬ್ರಿಟಿಷರು ತಂದ ಪದ್ಧತಿಯಲ್ಲ. ಇಂಡಿ ಸೀಮೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ 27 ಮನೆಗಳು. ರಾತ್ರಿ ದೀಪದ ಎಣ್ಣೆಗೆಂದೇ ಪ್ರತ್ಯೇಕ ಭೂಮಿ. ಊರಿನವರು ಮದುವೆ, ಉಪನಯನಗಳಲ್ಲಿ ಶಾಲೆಗೆ ಇಂತಿಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ದೀಪದ ಎಣ್ಣೆಗೆ ಹೊಲ ಬಿಟ್ಟವನಿಗೆ ವಿದ್ಯಾರ್ಥಿಯ ಕಷ್ಟ ಗೊತ್ತಿತ್ತೆಂದೇ ಹೇಳಬೇಕು.

ಚಿತ್ತಾಪುರ ತಾಲ್ಲೂಕಿನ ನಾಗಾವಿಯ 1058ರ ಶಾಸನ ಇನ್ನಷ್ಟು ವಿವರ ಕೊಡುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಸುಮಾರು 50 ಮಂದಿ. ಅವರ ಅನ್ನ ಬಟ್ಟೆಗೆ ದತ್ತಿ. ಗ್ರಂಥಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ವ್ಯಾಕರಣ, ದರ್ಶನ, ವೇದಗಳ ಪಾಠವನ್ನು ಹೇಳುವುದರ ಜೊತೆಗೇ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುವುದನ್ನೂ ಹೇಳುತ್ತದೆ. ಮುಂದೆ ಮಠಗಳು ನಡೆಸಿದ ಪ್ರಸಾದ ನಿಲಯಗಳ ಬೇರು ಇಂಥ ಕಡೆ ಇದೆ. ಆದರೆ ಆ ಶಾಲೆಗಳ ಬಾಗಿಲು ಕೆಲವೇ ವರ್ಣಗಳಿಗೆ ತೆರೆದಿತ್ತು. ಇದನ್ನು ಮರೆತು ಅವುಗಳನ್ನು ಹೊಗಳುವುದು ಚರಿತ್ರೆಯಾಗುವುದಿಲ್ಲ.

ವಾರಾನ್ನದಿಂದ ಬೋರ್ಡಿಂಗಿಗೆ

ಹತ್ತೊಂಬತ್ತನೆಯ ಶತಮಾನದ ಬಡ ವಿದ್ಯಾರ್ಥಿಗೆ ಇದ್ದ ದಾರಿ ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಯಾರದೋ ಜಗಲಿಯಲ್ಲೋ ಗುಡಿಯಲ್ಲೋ ಮಲಗಿ ಓದುವುದು. ಇಲ್ಲವೇ ಮನೆಪಾಠ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಅಧಿಕಾರಿಯೊಬ್ಬರ ಮಕ್ಕಳಿಗೆ ಪಾಠ ಹೇಳಿ ಖರ್ಚು ನಿಭಾಯಿಸಿದ್ದು ಎಲ್ಲರೂ ಬಲ್ಲ ಸಂಗತಿ. ವಾರಾನ್ನ ಸಾವಿರಾರು ಹುಡುಗರನ್ನು ಕಾಪಾಡಿತು. ಆದರೆ ಅದು ಪಂಕ್ತಿಯಲ್ಲಿ ಕೂರಬಲ್ಲವರಿಗೆ ಮಾತ್ರ ಸಿಕ್ಕುವ ಅನ್ನ. ಉಳಿದವರಿಗೆ ಪೇಟೆಯಲ್ಲಿ ಯಾವ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಬ್ರಾಹ್ಮಣೇತರರಿಗೆ ಶಾಲೆಯ ಬಾಗಿಲು ತೆರೆದ ಮೇಲೂ ಅವರ ಸಂಖ್ಯೆ ಹೆಚ್ಚದಿರಲು ಶುಲ್ಕಕ್ಕಿಂತ ದೊಡ್ಡ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಇದನ್ನು ಮೊದಲು ಕಂಡುಕೊಂಡವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಪ್ರಮುಖರು. 1901ರಲ್ಲಿ ಅವರು ಮರಾಠಾ ವಿದ್ಯಾರ್ಥಿಗಳಿಗಾಗಿ ಬೋರ್ಡಿಂಗ್ ತೆರೆದರು. ಅದರ ಹಿಂದೆಯೇ ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ಸಮುದಾಯಗಳಿಗೆ ಒಂದೊಂದಾಗಿ ಬೋರ್ಡಿಂಗ್‌ಗಳು ಬಂದವು. ನೌಕರಿಗಳಲ್ಲಿ ಶೇ. 50ರಷ್ಟು ಮೀಸಲು ಎಂದು 1902ರಲ್ಲಿ ಹೊರಟ ಆಜ್ಞೆಗಿಂತ ಒಂದು ವರ್ಷ ಮೊದಲೇ ಬೋರ್ಡಿಂಗ್ ಶುರುವಾಗಿತ್ತು ಎಂಬುದನ್ನು ಗಮನಿಸಬೇಕು. ನೌಕರಿಗೆ ಅರ್ಹರಾದವರು ಬರಬೇಕಾದರೆ ಮೊದಲು ಅವರಿಗೆ ತಂಗಲು ಜಾಗ ಬೇಕು ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಬೆಳಗಾವಿ, ಚಿಕ್ಕೋಡಿ ಕಡೆಯ ಕನ್ನಡದ ಹುಡುಗರಿಗೂ ಕೊಲ್ಹಾಪುರ ದೂರವಿರಲಿಲ್ಲ.

ಬೆಂಗಳೂರಿನಲ್ಲಿ ಇದೇ ಕಾಲಕ್ಕೆ ಗುಬ್ಬಿ ತೋಟದಪ್ಪನವರು (1838–1910) ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. 1903ರಲ್ಲಿ ಅದು ಆರಂಭವಾಯಿತು. ಯಾತ್ರಿಕರ ಛತ್ರದ ಜೊತೆಗೆ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿಯ ನಿಲಯವೂ ನಡೆಯಿತು. ರೈಲಿನಿಂದ ಟ್ರಂಕು ಹೊತ್ತು ಇಳಿದ ಹಳ್ಳಿ ಹುಡುಗನ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲೇ ಅದು ಇತ್ತು. ಸಮುದಾಯ ಸಂಘಗಳ ಕಾಲವೂ ಇದೇ: 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯ ಕೆಎಲ್ಇ ಸಂಸ್ಥೆ. ಸಂಘ ಹುಟ್ಟಿದ ಕಡೆಯಲ್ಲೆಲ್ಲ ಹಾಸ್ಟೆಲಿನ ಮಾತು ಮೊದಲು ಬಂತು. ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಊರೂರಲ್ಲಿ ನಿಲಯಗಳನ್ನು ತೆರೆದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ.

ಧಾರವಾಡಕ್ಕೆ ಇನ್ನೊಂದು ನಿಲಯದ ಹೆಮ್ಮೆಯೂ ಇದೆ. ಅಂಬೇಡ್ಕರರು 1925ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭಾದ ಮೂಲಕ ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯ ತೆರೆದಿದ್ದರು. 1928ರಲ್ಲಿ ಶೋಷಿತ ವರ್ಗಗಳ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮೇಲೆ ಮುಂಬಯಿ ಸರ್ಕಾರದ ನೆರವಿನೊಡನೆ ಅವರು ನಡೆಸಿದ ನಿಲಯಗಳಲ್ಲಿ ಒಂದು ಧಾರವಾಡದ್ದು. ಮಹಾಡದ ಕೆರೆಯ ನೀರಿಗಾಗಿ ಹೋರಾಡುತ್ತಿದ್ದ ವರ್ಷಗಳಲ್ಲೇ ಅವರು ಹಾಸ್ಟೆಲುಗಳ ದಿನಸಿಯ ಲೆಕ್ಕವನ್ನೂ ನೋಡಿಕೊಳ್ಳಬೇಕಿತ್ತು.

ಪಂಕ್ತಿಯಲ್ಲಿ ಕಲಿತದ್ದು

ಪ್ರಸಾದ ನಿಲಯವೊಂದರ ಒಳಗನ್ನು ಹತ್ತಿರದಿಂದ ನೋಡಲು ಸಿದ್ಧಗಂಗಾ ಮಠಕ್ಕೆ ಹೋಗಬೇಕು. 1907ರಲ್ಲಿ ವೀರಾಪುರದಲ್ಲಿ ಹುಟ್ಟಿದ ಶಿವಣ್ಣ ಎಂಬ ಹುಡುಗ ತುಮಕೂರಿನಲ್ಲಿ ಓದುವಾಗ ಕೆಲಕಾಲ ಈ ಮಠದಲ್ಲಿ ಉಂಡ. ಮೆಟ್ರಿಕ್ ಮುಗಿಸಿ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಅವನಿಗೆ ನೆಲೆಯಾದದ್ದು ತೋಟದಪ್ಪನವರ ನಿಲಯ. 1930ರಲ್ಲಿ ಮಠದ ಉದ್ಧಾನ ಶಿವಯೋಗಿಗಳು ಅವನನ್ನು ಉತ್ತರಾಧಿಕಾರಿಯಾಗಿ ಆರಿಸಿದರು, ಪದವಿ ಅಲ್ಲಿಗೇ ನಿಂತಿತು. ಹೀಗೆ ಎರಡು ನಿಲಯಗಳ ಅನ್ನ ಉಂಡವರು ಶಿವಕುಮಾರ ಸ್ವಾಮಿಗಳಾಗಿ 2019ರವರೆಗೆ ಲಕ್ಷಾಂತರ ಮಕ್ಕಳಿಗೆ ಉಣಿಸಿದರು. ಅವರ ಕಡೆಯ ವರ್ಷಗಳಲ್ಲಿ ಮಠದಲ್ಲಿ ಎಂಟು ಹತ್ತು ಸಾವಿರ ವಿದ್ಯಾರ್ಥಿಗಳಿದ್ದರು, ಜಾತಿ ಮತದ ಕಟ್ಟಿಲ್ಲದೆ.

ಅಲ್ಲಿ ಬೆಳಕು ಹರಿಯುವ ಮೊದಲೇ ಏಳಬೇಕು. ಬಟ್ಟೆ ತಾನೇ ಒಗೆಯಬೇಕು, ತಟ್ಟೆ ತಾನೇ ತೊಳೆಯಬೇಕು. ಪಂಕ್ತಿಯಲ್ಲಿ ರಾಗಿ ಮುದ್ದೆ, ಅನ್ನ, ಸಾರು. ಬಡಿಸುವುದರಲ್ಲಿ ಹುಡುಗರಿಗೂ ಸರದಿ. ಬಡಿಸುವವನಿಗೆ ಎಷ್ಟು ಪಂಕ್ತಿ ಬಾಕಿ, ಸಾರು ಎಷ್ಟು ಉಳಿದಿದೆ, ಕೊನೆಯ ಸಾಲಿನ ಚಿಕ್ಕ ಹುಡುಗನಿಗೆ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಕಣ್ಣಿರಬೇಕು. ಹದಿನಾಲ್ಕು ವರ್ಷದ ಹುಡುಗ ಹೀಗೆ ಸಾರಿನ ಬಕೆಟ್ಟು ಹಿಡಿದು ನೂರು ಜನರ ಹಸಿವನ್ನು ಅಂದಾಜು ಮಾಡುವುದನ್ನು ಕಲಿಯುತ್ತಾನೆ. ಇದನ್ನು ಯಾವ ನೀತಿಪಾಠವೂ ಕಲಿಸಲಾರದು. ಸುಗ್ಗಿಯ ಮೇಲೆ ರೈತರು ರಾಗಿ ಮೂಟೆ, ತೆಂಗಿನಕಾಯಿ ತಂದು ಇಳಿಸುತ್ತಾರೆ. ಆ ರೈತರಲ್ಲಿ ತನ್ನ ಅಪ್ಪನಂಥವರನ್ನೇ ಹುಡುಗ ಕಾಣುತ್ತಾನೆ. ಋಣ ಎಂಬುದು ಅವನಿಗೆ ಮೂಟೆಯ ಆಕಾರದಲ್ಲೇ ಪರಿಚಯವಾಗುತ್ತದೆ.

ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) ಯುದ್ಧಕಾಲದ ದವಸದ ಅಭಾವದಲ್ಲೂ ಮೈಸೂರಿನಲ್ಲಿ ತಮ್ಮ ನಿಲಯದ ಹುಡುಗರ ಊಟ ತಪ್ಪದಂತೆ ನೋಡಿಕೊಂಡರು. ಅವರ ಜೆಎಸ್ಎಸ್ ಮಹಾವಿದ್ಯಾಪೀಠ ಹುಟ್ಟಿದ್ದು 1954ರಲ್ಲಿ. ನಿಲಯ ಅದಕ್ಕಿಂತ ಹಳೆಯದು. ಅನ್ನ ಮೊದಲು ಬಂತು, ಕಾಲೇಜು ಆಮೇಲೆ.

ವಿಶ್ವವಿದ್ಯಾನಿಲಯದ ಓದಿಗೆ ಅಣಿಯಾಗುವುದು ಎಂಬುದಕ್ಕೆ ಈ ನಿಲಯಗಳಲ್ಲಿ ಇದ್ದ ಅರ್ಥ ತುಂಬ ನೇರವಾದದ್ದು. ಅವು ಶಾಲೆಗಳಲ್ಲ. ಹುಡುಗರು ಬೆಳಿಗ್ಗೆ ಎದ್ದು ಊರಿನ ಬೇರೆ ಬೇರೆ ಶಾಲೆ, ಕಾಲೇಜುಗಳಿಗೆ ನಡೆದುಹೋಗಿ ಸಂಜೆ ಮರಳುತ್ತಿದ್ದರು. ಒಂದೇ ಕೋಣೆಯಲ್ಲಿ ಒಬ್ಬ ಹೈಸ್ಕೂಲು, ಒಬ್ಬ ಇಂಟರ್‌ಮೀಡಿಯೆಟ್, ಒಬ್ಬ ಬಿ.ಎ. ಆನರ್ಸ್. ಅರ್ಜಿ ಬರೆಯುವುದು ಹೇಗೆ, ಯಾವ ಮೇಷ್ಟ್ರ ಕ್ಲಾಸು ಬಿಡಬಾರದು, ಲೈಬ್ರರಿಯಲ್ಲಿ ಪುಸ್ತಕ ಕೇಳುವುದು ಹೇಗೆ, ಇಂಗ್ಲಿಷಿಗೆ ಹೆದರದಿರುವುದು ಹೇಗೆ ಎಂಬುದನ್ನೆಲ್ಲ ಹಿರಿಯನಿಂದ ಕಿರಿಯ ಕಲಿತ. ಮನೆಯಲ್ಲಿ ಓದಿದವರೇ ಇಲ್ಲದ ಹುಡುಗನಿಗೆ ಆ ಕೋಣೆಯ ಸೀನಿಯರೇ ಓದಿದ ಅಣ್ಣ.

ಕುವೆಂಪು ಮೈಸೂರಿಗೆ ಬಂದ ಮೇಲೆ ರಾಮಕೃಷ್ಣ ಆಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಪ್ರೀತಿಯಲ್ಲಿ ಬೆಳೆದದ್ದು, 1929ರಲ್ಲಿ ಎಂ.ಎ. ಮುಗಿಸಿದ ಮೇಲೂ ಕೆಲವು ವರ್ಷ ಅಲ್ಲೇ ಇದ್ದದ್ದು ಇದರ ಇನ್ನೊಂದು ರೂಪ. ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ ಕಾಲೇಜು ಹಾಸ್ಟೆಲಿನ ಕೋಣೆಯನ್ನು ಕೊನೆಯವರೆಗೆ ಬಿಡಲಿಲ್ಲ. ಹಾಸ್ಟೆಲಿನ ಬದುಕು ಒಬ್ಬ ವ್ಯಕ್ತಿಯ ಸ್ವಭಾವವೇ ಆಗಿಬಿಟ್ಟದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಏಣಿಯೂ ಗೋಡೆಯೂ

ಜಾತಿವಾರು ನಿಲಯಗಳು ಒಂದು ಕಡೆ ಏಣಿ, ಇನ್ನೊಂದು ಕಡೆ ಗೋಡೆ. ತನ್ನವರ ನಡುವೆ ಅಳುಕಿಲ್ಲದೆ ಓದಿದ ಹುಡುಗ, ಮಿಕ್ಕವರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣದೆಯೇ ಪದವೀಧರನಾದ. ಮುಂದೆ ಅವನು ಅಧಿಕಾರಿಯಾದಾಗ, ರಾಜಕಾರಣಿಯಾದಾಗ ಹಾಸ್ಟೆಲಿನ ನಂಟು ಜಾತಿಯ ನಂಟಾಗಿಯೇ ಮುಂದುವರಿಯಿತು. ಆದರೆ ಎಲ್ಲರಿಗೂ ತೆರೆದ ನಿಲಯ ಎಂದು ಹಲಗೆ ಹಾಕಿದ ಕಡೆ ದಲಿತ ಹುಡುಗ ಯಾವ ಮೂಲೆಯಲ್ಲಿ ಉಣ್ಣಬೇಕಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡರೆ ಪ್ರತ್ಯೇಕ ನಿಲಯಗಳನ್ನು ಸುಲಭವಾಗಿ ಟೀಕಿಸಲಾಗದು.

ದಲಿತ ವಿದ್ಯಾರ್ಥಿಗಳಿದ್ದ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಇದಕ್ಕೆ ಸಾಕ್ಷಿ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆ ಅಲ್ಲಿನ ಹಸಿವೂ ಗೊತ್ತು, ಓದಿನ ಹುಚ್ಚೂ ಗೊತ್ತು, ಗೆಳೆತನವೂ ಗೊತ್ತು. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದದ್ದರ ಮೇಲೆ ಗಲಭೆ ಎದ್ದಾಗ ದಲಿತ ವಿದ್ಯಾರ್ಥಿಗಳು ಒಗ್ಗೂಡಿದ್ದು ಹಾಸ್ಟೆಲುಗಳಲ್ಲಿ. ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಆ ವರ್ಷಗಳ ಬಿಸಿಯಲ್ಲೇ. ಹೊಸ ಕನ್ನಡ ಕಾವ್ಯದ ಒಂದು ದೊಡ್ಡ ದನಿ ಹಾಸ್ಟೆಲಿನ ಹುಡುಗನದು. ಪ್ರಶ್ನೆ ಕೇಳುವ ಧೈರ್ಯ, ನಾಲ್ಕು ಜನರ ಮುಂದೆ ನಿಂತು ಮಾತಾಡುವ ಬಲ ಚಾರಿತ್ರ್ಯದಲ್ಲಿ ಸೇರುವುದಾದರೆ, ಸೇರಲೇಬೇಕು, ಅದನ್ನು ಬೆಳೆಸಿದ್ದು ವಾರ್ಡನ್ನಿನ ಕಟ್ಟುನಿಟ್ಟಲ್ಲ, ರಾತ್ರಿ ಊಟದ ಮೇಲಿನ ವಾಗ್ವಾದ.

ನಿಲಯದಿಂದ ವಸತಿ ಶಾಲೆಗೆ

ದೇವರಾಜ ಅರಸು ಅವರ ಕಾಲದಲ್ಲಿ, ಹಿಂದುಳಿದ ವರ್ಗಗಳ ಕುರಿತ 1975ರ ಹಾವನೂರು ವರದಿಯ ನಂತರ, ಹಾಸ್ಟೆಲು ಮಠ ಮತ್ತು ಸಂಘಗಳ ಔದಾರ್ಯದ ಮಾತಾಗಿ ಉಳಿಯದೆ ಸರ್ಕಾರದ ಹೊಣೆಯಾಯಿತು. ಇದು ಈ ಚರಿತ್ರೆಯ ಅತಿ ದೊಡ್ಡ ತಿರುವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿಗೆ ನವೋದಯ ವಿದ್ಯಾಲಯಗಳು ಬಂದವು. ಅಲ್ಲಿ ಒಂಬತ್ತನೆಯ ತರಗತಿಯ ಒಂದು ಪಾಲು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದಲ್ಲಿ ಓದುತ್ತಾರೆ. ರಾಜ್ಯದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, 2004ರಿಂದ ಹೆಣ್ಣುಮಕ್ಕಳ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಇದಕ್ಕೆ ಸೇರಿದವು. ಹೆಣ್ಣುಮಕ್ಕಳ ಸರದಿ ಇಷ್ಟು ತಡವಾಗಿ ಬಂದದ್ದು ಈ ಚರಿತ್ರೆಯ ದೊಡ್ಡ ಕೊರತೆ. ಮೇಲೆ ಹೇಳಿದ ಪ್ರಸಾದ ನಿಲಯಗಳ ಕತೆಯೆಲ್ಲ ಬಹುಪಾಲು ಗಂಡುಹುಡುಗರದೇ.

ವಸತಿ ಶಿಕ್ಷಣದ ಪರಿಣಾಮವನ್ನು ಅಳೆದ ಎರಡು ಹೊರದೇಶದ ಅಧ್ಯಯನಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ವಾಷಿಂಗ್ಟನ್ನಿನಲ್ಲಿ ಬಡ ಮಕ್ಕಳಿಗಾಗಿ ಇರುವ ಒಂದು ವಸತಿ ಶಾಲೆಗೆ ಚೀಟಿ ಎತ್ತಿ ಪ್ರವೇಶ ಕೊಡುತ್ತಾರೆ. ಪ್ರವೇಶ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನ, ಓದು ಮತ್ತು ಗಣಿತ ಎರಡರಲ್ಲೂ ಪ್ರಗತಿ ಕಂಡಿತು. ಅದರಲ್ಲೂ ಹುಡುಗಿಯರಿಗೆ ಹೆಚ್ಚು ಲಾಭವಾಗಿತ್ತು. ಫ್ರಾನ್ಸಿನ ವಸತಿ ಶಾಲೆಯೊಂದರ ಮೇಲಿನ 2017ರ ಅಧ್ಯಯನ ಇನ್ನೂ ಕುತೂಹಲಕರ. ಮೊದಲು ಮಕ್ಕಳು ಮನೆಯ ನೆನಪಿನಲ್ಲಿ, ಹೊಸ ಕಟ್ಟುಪಾಡಿನಲ್ಲಿ ಕುಗ್ಗುತ್ತಾರೆ. ಗಣಿತದಲ್ಲಿ ಏಳಿಗೆ ಕಾಣುವುದು ಎರಡನೆಯ ವರ್ಷ. ಅದೂ ಮುಖ್ಯವಾಗಿ ಮೊದಲೇ ಓದಿನಲ್ಲಿ ಗಟ್ಟಿಯಿದ್ದವರಲ್ಲಿ. ಆರನೆಯ ತರಗತಿಗೆ ಬಂದು ಮೊದಲ ದಸರೆ ರಜೆಗೆ ಮನೆಗೆ ಹೋದ ಮಗು ಮರಳಿ ಬರುವಾಗ ಅಳುವುದನ್ನು ನೋಡಿದ ಯಾವ ಮೇಷ್ಟ್ರಿಗೂ ಇದು ಅಚ್ಚರಿಯ ಮಾತಲ್ಲ. ಆ ಮೊದಲ ವರ್ಷ ಮಗುವಿಗೆ ಬೇಕಾದದ್ದು ಹೆಚ್ಚಿನ ಕಟ್ಟುನಿಟ್ಟಲ್ಲ, ಜೊತೆಗೊಬ್ಬ ದೊಡ್ಡ ಹುಡುಗ ಅಥವಾ ಹುಡುಗಿ.

ಹಳೆಯ ನಿಲಯಕ್ಕೂ ರಾಜ್ಯದ ಇಂದಿನ ವಸತಿ ಶಾಲೆಗೂ ಇರುವ ಅಂತರ ಇಲ್ಲೇ ಇದೆ. ವಸತಿ ಶಾಲೆಯಲ್ಲಿ ಪಾಠವೂ ಊಟವೂ ಒಂದೇ ಕಾಂಪೌಂಡಿನೊಳಗೆ, ಬಹಳ ಕಡೆ ಊರ ಹೊರಗೆ. ಬೋಧನೆ ಒಳ್ಳೆಯದು, ಎಸ್ಎಸ್ಎಲ್‌ಸಿ ಫಲಿತಾಂಶವೂ ಚೆನ್ನಾಗಿ ಬರುತ್ತದೆ. ಆದರೆ ಆರರಿಂದ ಹತ್ತರವರೆಗಿನ ಮಕ್ಕಳಿಗೆ ಕಾಲೇಜು ಓದುವವರ ಮುಖವೇ ಕಾಣುವುದಿಲ್ಲ. ಬಡಿಸುವುದು, ಲೆಕ್ಕ ನೋಡುವುದು ಸಿಬ್ಬಂದಿಯ ಕೆಲಸವಾಗಿದೆ. ಪಿಯುಸಿ ಸೇರಿಸಿ ಮೇಲ್ದರ್ಜೆಗೇರಿಸಿದ ಕೆಲವು ಶಾಲೆಗಳನ್ನು ಬಿಟ್ಟರೆ, ಹತ್ತು ಮುಗಿದ ದಿನ ಐದು ವರ್ಷದ ಸೂರು ಕೈತಪ್ಪುತ್ತದೆ. ಮೆಟ್ರಿಕ್ ನಂತರದ ಹಾಸ್ಟೆಲಿಗೆ ಅರ್ಜಿ ಹಾಕಬೇಕಾದರೆ ಮೊದಲು ಕಾಲೇಜಿನಲ್ಲಿ ಪ್ರವೇಶ ಪಡೆದಿರಬೇಕು. ಆಯ್ಕೆ ಪಟ್ಟಿ ಬರುವ ಹೊತ್ತಿಗೆ ಪಾಠ ಶುರುವಾಗಿರುತ್ತದೆ. ನಡುವಿನ ವಾರಗಳನ್ನು ಸಂಬಂಧಿಕರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಕಳೆಯಬೇಕು. ಎರಡೂ ಇಲ್ಲದವರು, ಅವರಲ್ಲೂ ಹೆಣ್ಣುಮಕ್ಕಳು, ಊರಿಗೆ ಮರಳುತ್ತಾರೆ. ಹತ್ತನೆಯ ತರಗತಿಯ ಮಕ್ಕಳಿಗೆ ಅವರು ಹೋಗಬೇಕಾದ ಊರಿನ ಹಾಸ್ಟೆಲಿನಲ್ಲಿ ಬೇಸಿಗೆಯಲ್ಲೇ ಜಾಗ ಗೊತ್ತುಮಾಡಿ, ಅಲ್ಲಿನ ಹಿರಿಯ ವಿದ್ಯಾರ್ಥಿಯೊಬ್ಬರ ಪರಿಚಯ ಮಾಡಿಸಿಕೊಡಲು ಹೊಸ ಕಟ್ಟಡವೇನೂ ಬೇಕಿಲ್ಲ. ಎರಡು ಹಾಸ್ಟೆಲುಗಳ ವಾರ್ಡನ್ನರು ಏಪ್ರಿಲ್ ತಿಂಗಳಲ್ಲಿ ಒಂದು ಪಟ್ಟಿಯನ್ನು ಕೂಡಿ ಕೂತು ನೋಡಿದರೆ ಆಗುವ ಕೆಲಸ ಅದು.